ಡಯಾಲಿಸಿಸ್ ಮುಗಿದ ಮೇಲಿನ ಗಂಟೆಗಳು

(ಮುಂಬಯಿಯ ಮಾಟುಂಗದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರ ಎರಡು ಪ್ರಶ್ನೆಗಳನ್ನೂ ಅವುಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿದ್ದೇನೆ.)

ಮೂತ್ರಪಿಂಡದ ವೈದ್ಯರು ಸಾರ್ವಜನಿಕ ಸಭೆಯಲ್ಲಿ ಮಾತನಾಡಲು ನಿಂತರೆ ಕಾಯಿಲೆ ಬಾರದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಸಾಮಾನ್ಯವಾಗಿ ವಿಷಯವಾಗಿರುತ್ತದೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡವನ್ನು ಹತೋಟಿಯಲ್ಲಿಡಿ, ನೋವಿನ ಮಾತ್ರೆಗಳನ್ನು ಮನಸ್ಸಿಗೆ ಬಂದಂತೆ ನುಂಗಬೇಡಿ ಎಂಬ ಮಾತುಗಳನ್ನು ನೀವು ಕೇಳಿಯೇ ಇರುತ್ತೀರಿ. ಆ ಘಟ್ಟವನ್ನು ದಾಟಿ ಬಂದವರಿಗೆ, ಅಂದರೆ ಕೆಟ್ಟ ಮೂತ್ರಪಿಂಡದ ಬದಲು ಯಂತ್ರದಿಂದ ರಕ್ತ ಶುದ್ಧಿ ಮಾಡಿಸುವ ಡಯಾಲಿಸಿಸ್ಸಿಗಾಗಿ ವಾರಕ್ಕೆ ಎರಡೋ ಮೂರೋ ಸಲ ಯಂತ್ರದ ಪಕ್ಕ ನಾಲ್ಕು ಗಂಟೆ ಕಳೆದು ಮನೆಗೆ ಮರಳುವವರಿಗೆ, ಈ ಬುದ್ಧಿವಾದ ತಡವಾಗಿ ಬಂದ ಕಾಗದದಂತೆ. ಇಂದಿನ ಮಾತು ಅವರ ಕುರಿತಾದದ್ದು. ಅವರು ಎಷ್ಟು ವರ್ಷ ಬದುಕುತ್ತಾರೆ ಎಂಬುದಕ್ಕಿಂತ ಆ ವರ್ಷಗಳನ್ನು ಹೇಗೆ ಬದುಕುತ್ತಾರೆ ಎಂಬ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ.

ಈ ಪ್ರಶ್ನೆ ವೈದ್ಯಶಾಸ್ತ್ರದಲ್ಲಿ ತಡವಾಗಿ ಹುಟ್ಟಿದ್ದಕ್ಕೆ ಕಾರಣವಿದೆ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಜರ್ಮನರ ವಶದಲ್ಲಿದ್ದ ನೆದರ್ಲೆಂಡ್ಸಿನಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯ ಸಾಸೇಜಿಗೆ ಹೊದಿಸುವ ಸೆಲೋಫೇನ್ ಕೊಳವೆಯನ್ನು ಒಂದು ಉರುಳೆಗೆ ಸುತ್ತಿ, ಅದರೊಳಗೆ ರಕ್ತ ಹರಿಸಿ, ಉರುಳೆಯನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ ರಕ್ತ ಶುದ್ಧಿ ಮಾಡಲು ಹೊರಟ. ಮೊದಲ ಹದಿನೈದು ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡರು. 1945ರಲ್ಲಿ 67 ವರ್ಷದ ಹೆಂಗಸೊಬ್ಬಳು ಈ ಚಿಕಿತ್ಸೆಯಿಂದ ಬದುಕಿ ಉಳಿದಳು. 1960ರಲ್ಲಿ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಕೈಯ ರಕ್ತನಾಳಗಳಲ್ಲಿ ಟೆಫ್ಲಾನ್ ಕೊಳವೆಯನ್ನು ಶಾಶ್ವತವಾಗಿ ಕೂರಿಸುವ ಉಪಾಯ ಕಂಡುಹಿಡಿದ ಮೇಲೆ ಮತ್ತೆ ಮತ್ತೆ ಡಯಾಲಿಸಿಸ್ ಮಾಡುವುದು ಸಾಧ್ಯವಾಯಿತು. ಆದರೆ ಯಂತ್ರಗಳು ಕೆಲವೇ ಇದ್ದು ರೋಗಿಗಳು ಬಹಳವಿದ್ದುದರಿಂದ, ಯಾರಿಗೆ ಕೊಡಬೇಕು, ಯಾರಿಗೆ ಇಲ್ಲ ಎಂದು ತೀರ್ಮಾನಿಸಲು ಆ ಊರಿನ ನಾಗರಿಕರ ಸಮಿತಿಯೊಂದು ಕೂತಿತು. ರೋಗಿಯ ಉದ್ಯೋಗ, ಸಂಸಾರ, ಚರ್ಚಿಗೆ ಹೋಗುವ ಅಭ್ಯಾಸ ಇವೆಲ್ಲ ಅಲ್ಲಿ ತೂಗಲ್ಪಟ್ಟವು. ಜೀವವೇ ಉಳಿದೀತೋ ಇಲ್ಲವೋ ಎಂದಿದ್ದ ಕಾಲದಲ್ಲಿ ಉಳಿದ ಜೀವದ ಸುಖದುಃಖವನ್ನು ವಿಚಾರಿಸುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ.

ನಮ್ಮ ದೇಶದಲ್ಲಿ ಜೀವ ಉಳಿದೀತೋ ಎಂಬ ಆ ಮೊದಲ ಪ್ರಶ್ನೆ ಇನ್ನೂ ಪೂರ್ತಿ ಮುಗಿದಿಲ್ಲ. ಭಾರತದಲ್ಲಿ ಪ್ರತಿವರ್ಷ ಸುಮಾರು 2.2 ಲಕ್ಷ ಜನ ಹೊಸದಾಗಿ ಮೂತ್ರಪಿಂಡ ವೈಫಲ್ಯದ ಕೊನೆಯ ಹಂತ ತಲುಪುತ್ತಾರೆಂದು ಕೇಂದ್ರ ಸರ್ಕಾರದ ಅಂದಾಜು ಹೇಳುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರಗಳು ಬಂದವು, ಬಡವರಿಗೆ ಉಚಿತ ಚಿಕಿತ್ಸೆ ದೊರೆಯಿತು. ಮಹಾರಾಷ್ಟ್ರದಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯೂ ಡಯಾಲಿಸಿಸ್ಸನ್ನು ಒಳಗೊಂಡಿದೆ. ಹೀಗಿದ್ದೂ, ಹೋಗಿಬರುವ ಖರ್ಚು, ಔಷಧಿ, ಚುಚ್ಚುಮದ್ದು, ಕೆಲಸಕ್ಕೆ ರಜೆ ಇವನ್ನೆಲ್ಲ ಲೆಕ್ಕ ಹಾಕಿ ವಾರಕ್ಕೆ ಮೂರರ ಬದಲು ಎರಡೇ ಸಲ ಬರುವವರು ಬಹಳ. ಇನ್ನೂ ಸ್ವಲ್ಪ ಮೂತ್ರ ಹೋಗುತ್ತಿರುವ ಕೆಲವರಿಗೆ ಎರಡು ಸಾಕಾಗಬಹುದು. ಮೂತ್ರ ನಿಂತವರಿಗೆ ಸಾಲದು. ಅದನ್ನು ಸಾಕು ಎಂದು ಹೇಳಿ ಸಮಾಧಾನಪಡಿಸುವುದು ನನಗೆ ಸರಿಯೆನಿಸುವುದಿಲ್ಲ.

ಇನ್ನು ಡಯಾಲಿಸಿಸ್ ಚೆನ್ನಾಗಿ ಆಗುತ್ತಿದೆಯೆ ಎಂಬುದನ್ನು ನಾವು ಹೇಗೆ ಅಳೆಯುತ್ತೇವೆಂದು ನೋಡಿ. ರೋಗಿಯ ಕಡತ ತೆರೆದರೆ ಹಿಮೋಗ್ಲೋಬಿನ್, ಪೊಟ್ಯಾಸಿಯಂ, ರಂಜಕ (ಫಾಸ್ಫರಸ್), ಆಲ್ಬುಮಿನ್ ಎಂಬ ಪ್ರೋಟೀನ್, ರಕ್ತದ ಕಲ್ಮಶವಾದ ಯೂರಿಯಾ ಎಷ್ಟು ಇಳಿಯಿತು ಎಂಬುದರ ಲೆಕ್ಕ, ಇಷ್ಟು ಸಿಗುತ್ತವೆ. ಇವೆಲ್ಲ ಬೇಕಾದವೇ. ಆದರೆ ಯೂರಿಯಾವನ್ನು ಇನ್ನಷ್ಟು ತೊಳೆದರೆ ರೋಗಿ ಹೆಚ್ಚು ಕಾಲ ಬದುಕುತ್ತಾನೆಯೆ ಎಂದು ಪರೀಕ್ಷಿಸಿದ ಅಮೆರಿಕದ ದೊಡ್ಡ ಅಧ್ಯಯನವೊಂದು 2002ರಲ್ಲಿ ಪ್ರಕಟವಾದಾಗ, ವಾರಕ್ಕೆ ಮೂರು ಸಲದ ಚೌಕಟ್ಟಿನೊಳಗೆ ಸಾಮಾನ್ಯ ಪ್ರಮಾಣಕ್ಕಿಂತ ಹೆಚ್ಚು ತೊಳೆದವರಿಗೆ ಅಂಥ ಲಾಭವೇನೂ ಕಾಣಲಿಲ್ಲ. ಮುಂದೆ ಆಸ್ಟ್ರೇಲಿಯದ ಆಲಿಸನ್ ಟಾಂಗ್ ಮತ್ತು ಸಂಗಡಿಗರು ಅನೇಕ ದೇಶಗಳ ರೋಗಿಗಳನ್ನೂ ಅವರ ಮನೆಯವರನ್ನೂ ವೈದ್ಯರನ್ನೂ ಕೂರಿಸಿ, ಡಯಾಲಿಸಿಸ್ಸಿನ ಸಂಶೋಧನೆಗಳೆಲ್ಲ ಕಡ್ಡಾಯವಾಗಿ ಅಳೆಯಬೇಕಾದ ವಿಷಯಗಳು ಯಾವುವು ಎಂದು ಕೇಳಿದರು. ಕೊನೆಗೆ ನಿಂತವು ನಾಲ್ಕು: ಸುಸ್ತು, ಹೃದ್ರೋಗ, ರಕ್ತ ತೆಗೆಯುವ ದಾರಿಯ ತೊಂದರೆ, ಸಾವು. ಸಾವಿನ ಸಾಲಿನಲ್ಲೇ ಸುಸ್ತನ್ನು ತಂದು ಕೂರಿಸಿದವರು ಮುಖ್ಯವಾಗಿ ರೋಗಿಗಳು. ವಾರ್ಡಿನಲ್ಲಿ ದಿನವೂ ಕಿವಿಗೆ ಬೀಳುವ, ನಾವು ಬರೆದಿಟ್ಟುಕೊಳ್ಳದ ದೂರು ಅದೇ.

ಜೀವನದ ಗುಣಮಟ್ಟವನ್ನು ಅಳೆಯಲು 36 ಪ್ರಶ್ನೆಗಳ ಒಂದು ಅಂತರರಾಷ್ಟ್ರೀಯ ಪ್ರಶ್ನಾವಳಿ ಇದೆ. ಮೆಟ್ಟಿಲು ಹತ್ತುವುದು, ನೋವು, ತುರಿಕೆ, ನೀರಿನ ಮಿತಿ, ಕಾಯಿಲೆ ತನ್ನ ಬದುಕನ್ನೆಲ್ಲ ನುಂಗಿತೆಂಬ ಭಾವನೆ, ಮನೆಯವರಿಗೆ ಭಾರವಾದೆನೆಂಬ ಸಂಕಟ, ದಾಂಪತ್ಯ, ಎಲ್ಲವೂ ಅದರಲ್ಲಿವೆ. ಸಂಶೋಧನೆಗೆ ಅದು ಒಳ್ಳೆಯದು. ದಿನಕ್ಕೆ ಮೂರು ನಾಲ್ಕು ಪಾಳಿ ನಡೆಸುವ ನಮ್ಮ ಕೇಂದ್ರಗಳಲ್ಲಿ ಅದನ್ನು ತುಂಬಿಸಿಕೊಳ್ಳುವವರು ಯಾರು? ಆದ್ದರಿಂದ ನಾನು ಒಂದೇ ಪ್ರಶ್ನೆಯನ್ನು ನೆಚ್ಚಿಕೊಂಡಿದ್ದೇನೆ. ಡಯಾಲಿಸಿಸ್ ಮುಗಿದ ಮೇಲೆ ಮೊದಲಿನಂತಾಗಲು ನಿಮಗೆ ಎಷ್ಟು ಹೊತ್ತು ಬೇಕು? ಹನ್ನೆರಡು ದೇಶಗಳ ರೋಗಿಗಳಿಗೆ ಇದೇ ಪ್ರಶ್ನೆ ಕೇಳಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಸುಮಾರು ಮೂರರಲ್ಲಿ ಒಂದು ಪಾಲು ಜನ ಎರಡು ಗಂಟೆಯೊಳಗೆ ಸುಧಾರಿಸಿಕೊಂಡರೆ, ಹತ್ತರಲ್ಲಿ ಒಬ್ಬರಿಗೆ ಹನ್ನೆರಡು ಗಂಟೆ ಮೀರಿ ಬೇಕಾಗಿತ್ತು. ಹೀಗೆ ತಡವಾಗುವವರು ಆಸ್ಪತ್ರೆ ಸೇರುವುದೂ ಸಾಯುವುದೂ ಹೆಚ್ಚೆಂದು ಕಂಡುಬಂತು.

ನಮ್ಮವರಲ್ಲಿ ಈ ಪ್ರಶ್ನೆಗೆ ಬರುವ ಉತ್ತರಗಳು ಬಗೆಬಗೆಯವು. “ಮನೆ ಮುಟ್ಟಿ ಒಂದು ಲೋಟ ಚಹಾ ಕುಡಿದರೆ ಸರಿಹೋಗುತ್ತೇನೆ” ಎನ್ನುವವರಿದ್ದಾರೆ. “ರಾತ್ರಿ ಮಲಗಿ ಎದ್ದ ಮೇಲೆಯೇ ಮನುಷ್ಯನಾಗುವುದು” ಎನ್ನುವವರು ಹೆಚ್ಚು. “ಸರಿಯಾಗುವಷ್ಟರಲ್ಲಿ ಮುಂದಿನದು ಬಂದಿರುತ್ತದೆ” ಎಂದ ಹೆಂಗಸೊಬ್ಬರ ವರದಿಗಳು ಎಲ್ಲ ರೀತಿಯಿಂದಲೂ ತೃಪ್ತಿಕರವಾಗಿದ್ದವು. ವಾರದ 168 ಗಂಟೆಗಳಲ್ಲಿ ಯಂತ್ರದ ಪಾಲು 12 ಮಾತ್ರ. ಪ್ರತಿ ಸಲವೂ ಮರುದಿನದ ಬೆಳಗಿನವರೆಗೆ ಹಾಸಿಗೆ ಹಿಡಿಯುವವರಿಗೆ ಆ ಹನ್ನೆರಡು ಗಂಟೆಗಳು ಅರವತ್ತಾಗುತ್ತವೆ.

ಈ ಸುಸ್ತು ಬರುವುದು ಏಕೆ? ಕಾರಣಗಳು ಹಲವು: ರಕ್ತಹೀನತೆ, ಕೆಟ್ಟ ನಿದ್ರೆ, ಮನಸ್ಸಿನ ಕುಗ್ಗುವಿಕೆ. ಆದರೆ ನಾವು ನೀವು ಸೇರಿ ಬದಲಾಯಿಸಬಹುದಾದ ದೊಡ್ಡ ಕಾರಣವೆಂದರೆ ನೀರು ತೆಗೆಯುವ ವೇಗ. ಮೂತ್ರವಿಲ್ಲದವರ ದೇಹದಲ್ಲಿ ಎರಡು ದಿನ ಸೇರಿದ ನೀರನ್ನು ಯಂತ್ರ ಕೆಲವೇ ಗಂಟೆಗಳಲ್ಲಿ ತೆಗೆಯಬೇಕು. ಯಂತ್ರ ನೀರನ್ನು ಎಳೆಯುವುದು ರಕ್ತದಿಂದ. ಕಾಲು, ಹೊಟ್ಟೆ, ಶ್ವಾಸಕೋಶಗಳಲ್ಲಿ ಸೇರಿದ ನೀರು ರಕ್ತಕ್ಕೆ ನಿಧಾನವಾಗಿ ಮರಳಬೇಕು. ಅರವತ್ತು ಕಿಲೋ ತೂಕದವರ ರಕ್ತದಲ್ಲಿ ಕಣಗಳನ್ನು ಬಿಟ್ಟು ದ್ರವಭಾಗ ಇರುವುದೇ ಹೆಚ್ಚುಕಡಿಮೆ ಎರಡೂವರೆ ಲೀಟರ್. ಅಂಥವರಿಂದ ಮೂರು ಲೀಟರ್ ತೆಗೆಯಬೇಕಾದರೆ ಆ ದ್ರವಭಾಗ ಪೂರ್ತಿ ಒಮ್ಮೆ ಖಾಲಿಯಾಗಿ ತುಂಬಿಕೊಂಡ ಲೆಕ್ಕ. ಮರಳುವ ವೇಗಕ್ಕಿಂತ ಎಳೆಯುವ ವೇಗ ಹೆಚ್ಚಾದರೆ ಬಿ.ಪಿ. ಬೀಳುತ್ತದೆ, ಮೀನಖಂಡ ಸೆಟೆದುಕೊಳ್ಳುತ್ತದೆ, ಆಕಳಿಕೆ, ವಾಂತಿ, ಕಣ್ಣು ಕತ್ತಲೆ ಬರುತ್ತವೆ. ಇದು ಕಣ್ಣಿಗೆ ಕಾಣುವಷ್ಟು. ಕಾಣದ್ದು ಇನ್ನೊಂದಿದೆ: ಇಂಥ ಹೊತ್ತಿನಲ್ಲಿ ಹೃದಯದ ಸ್ನಾಯುವಿನ ಕೆಲವು ಭಾಗಗಳು ತಾತ್ಕಾಲಿಕವಾಗಿ ಸ್ತಬ್ಧವಾಗುತ್ತವೆಂದೂ, ಮತ್ತೆ ಮತ್ತೆ ಹೀಗಾದರೆ ಹೃದಯ ಶಾಶ್ವತವಾಗಿ ದುರ್ಬಲವಾಗುತ್ತದೆಂದೂ ಇಂಗ್ಲೆಂಡಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ.

ಒಂದು ಕಿಲೋ ದೇಹತೂಕಕ್ಕೆ ಗಂಟೆಗೆ 13 ಮಿಲಿಲೀಟರ್ ಮೀರದಂತೆ ನೀರು ತೆಗೆಯುವುದು ಕ್ಷೇಮವೆಂಬುದು ಈಗ ಬಳಕೆಯಲ್ಲಿರುವ ಮಿತಿ. ಅರವತ್ತು ಕಿಲೋದವರಿಗೆ ಗಂಟೆಗೆ 780 ಮಿಲಿಲೀಟರ್, ನಾಲ್ಕು ಗಂಟೆಗೆ ಮೂರು ಲೀಟರಿಗೆ ತುಸು ಹೆಚ್ಚು. ಅದೇ ವ್ಯಕ್ತಿ ನಾಲ್ಕು ಲೀಟರ್ ಏರಿಸಿಕೊಂಡು ಬಂದು, ಮೂರೇ ಗಂಟೆಯಲ್ಲಿ ಬಿಡಿ ಎಂದು ಹಟ ಹಿಡಿದರೆ ಗಂಟೆಗೆ 1,300 ಮಿಲಿಲೀಟರ್ ಮೀರುತ್ತದೆ. ಆಮೇಲೆ ಅವರು ಎರಡು ದಿನ ಏಳಲಾರೆನೆಂದರೆ ಅದರಲ್ಲಿ ಆಶ್ಚರ್ಯವೇನಿದೆ?

ಬೇಗ ಬಿಡಿ ಎನ್ನುವವರನ್ನು ಬೈಯುವುದು ಸುಲಭ. ಡೊಂಬಿವಲಿಯಿಂದ ದಾದರಿನ ಕೇಂದ್ರಕ್ಕೆ ಬರುತ್ತಿದ್ದ, ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ಕೂರುವ ಒಬ್ಬರನ್ನು ನೆನೆಯುತ್ತೇನೆ. ಅವರ ಪಾಳಿ ಮಧ್ಯಾಹ್ನದ್ದು. ಯಂತ್ರಕ್ಕೆ ಸೂಜಿ ಹಾಕಿದ ಕ್ಷಣದಿಂದ ಅವರ ಕಣ್ಣು ಗೋಡೆ ಗಡಿಯಾರದ ಮೇಲೆ. ಹಾಗೆ ಮೂರೂವರೆ ಗಂಟೆ ಕಳೆದೊಡನೆ “ಸಾಕು, ತೆಗೀರಿ” ಎನ್ನುವರು. ಅರ್ಧ ಗಂಟೆ ತಡವಾದರೆ ಕಚೇರಿ ಬಿಡುವ ಹೊತ್ತಿನ ಫಾಸ್ಟ್ ಲೋಕಲ್ಲಿನಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಜೋಡಿಸಿದ ರಕ್ತನಾಳ) ಇರುವ ಕೈಯನ್ನು ಎದೆಗವಚಿಕೊಂಡು, ಬಿದ್ದ ಬಿ.ಪಿ.ಯಲ್ಲಿ ನಿಂತುಕೊಂಡೇ ಠಾಣೆ ದಾಟಬೇಕು. ಅವರಿಗೆ ಉಪದೇಶ ಮಾಡಿ ಪ್ರಯೋಜನವಾಗಲಿಲ್ಲ. ಬೆಳಗಿನ ಮೊದಲ ಪಾಳಿಗೆ ಬದಲಾಯಿಸಿದ ಮೇಲೆ ನಾಲ್ಕು ಗಂಟೆ ತಾವಾಗಿಯೇ ಪೂರೈಸಿದರು, ಮಧ್ಯಾಹ್ನದ ಖಾಲಿ ಗಾಡಿಯಲ್ಲಿ ಕೂತು ಮನೆಗೆ ಹೋದರು. ಕೇಂದ್ರಗಳು ಪಾಳಿ ಹಂಚುವಾಗ ರೋಗಿಯ ರೈಲಿನ ವೇಳೆಯನ್ನು ಕೇಳುವುದು ಈ ಊರಿನಲ್ಲಿ ಚಿಕಿತ್ಸೆಯ ಭಾಗವೇ ಎಂದು ನಾನು ತಿಳಿದಿದ್ದೇನೆ. ಮುಂದಿನ ಪಾಳಿಯವರನ್ನು ಹತ್ತಿಸುವ ಅವಸರದಲ್ಲಿ ಕೇಂದ್ರದವರೇ ಕಾಲು ಗಂಟೆ ಕದಿಯುವುದೂ ಉಂಟು. ಆ ಕಾಲು ಗಂಟೆಯನ್ನು ಕೇಳಿ ಪಡೆಯಲು ರೋಗಿಗಳು ಸಂಕೋಚಪಡಬೇಕಾಗಿಲ್ಲ.

ಈಗ ಅಡುಗೆಮನೆಗೆ ಬರೋಣ, ಏಕೆಂದರೆ ವೇಗದ ಮೂಲ ಅಲ್ಲಿದೆ. “ನೀರು ಕಡಿಮೆ ಕುಡಿಯಿರಿ” ಎಂದು ನಾವೆಲ್ಲ ಹೇಳುತ್ತೇವೆ, ಮನೆಯವರು ಲೋಟ ಎಣಿಸುತ್ತಾರೆ, ರೋಗಿ ಕದ್ದು ಕುಡಿಯುತ್ತಾನೆ, ಜಗಳವಾಗುತ್ತದೆ. ತಪ್ಪಿರುವುದು ನೀರಿನಲ್ಲಿ ಅಲ್ಲ, ಉಪ್ಪಿನಲ್ಲಿ. ದೇಹದೊಳಗೆ ಉಳಿದ ಪ್ರತಿ ಎಂಟು ಗ್ರಾಂ ಉಪ್ಪು ಹೆಚ್ಚುಕಡಿಮೆ ಒಂದು ಲೀಟರ್ ನೀರನ್ನು ತನ್ನೊಡನೆ ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟು ನೀರು ಒಳಗೆ ಬರುವ ತನಕ ಬಾಯಾರಿಕೆ ಬಿಡುವುದಿಲ್ಲ. ದಿನಕ್ಕೆ ಹತ್ತು ಗ್ರಾಂ ಉಪ್ಪು ತಿನ್ನುವವರು ಎರಡು ದಿನದಲ್ಲಿ ಎರಡೂವರೆ ಲೀಟರ್ ಏರಿಸಿಕೊಳ್ಳದೆ ಇರಲಾರರು, ಯಾವ ಮನೋಬಲವೂ ಅದನ್ನು ತಡೆಯಲಾರದು. ದಿನಕ್ಕೆ ಐದು ಗ್ರಾಮಿನೊಳಗೆ ತಂದರೆ ಲೋಟ ಎಣಿಸುವ ಅಗತ್ಯವೇ ಬಹುಮಟ್ಟಿಗೆ ತಪ್ಪುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕ, ಒಣಮೀನು, ಬೇಕರಿ ಖಾರಿ, ವಡಾಪಾವಿನೊಡನೆ ಬರುವ ಉಪ್ಪು ಸವರಿದ ಮೆಣಸಿನಕಾಯಿ ಇವನ್ನು ಮೊದಲು ಕೈಬಿಡಿ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ತುಂಬಿರುತ್ತಾರೆ, ಡಯಾಲಿಸಿಸ್ ರೋಗಿಯ ಹೃದಯವನ್ನು ಅದು ನಿಲ್ಲಿಸಬಲ್ಲದು.

ಪೊಟ್ಯಾಸಿಯಂ ವಿಷಯದಲ್ಲಿ ನಮ್ಮ ಕನ್ನಡದ ಅಡುಗೆಗೇ ಒಂದು ವಿಶೇಷ ತೊಡಕಿದೆ. ಸೊಪ್ಪು, ತರಕಾರಿಗಳನ್ನು ಸಣ್ಣಗೆ ಹೆಚ್ಚಿ ಬಹಳ ನೀರಿನಲ್ಲಿ ಬೇಯಿಸಿ ನೀರನ್ನು ಬಸಿದು ಚೆಲ್ಲಿದರೆ ಪೊಟ್ಯಾಸಿಯಂ ಬಹಳಷ್ಟು ಹೊರಟುಹೋಗುತ್ತದೆ ಎಂದು ಆಹಾರತಜ್ಞರು ಹೇಳಿಕೊಡುತ್ತಾರೆ. ಬಸಿಯುವುದು ನಮ್ಮ ಹೆಂಗಸರಿಗೆ ಗೊತ್ತಿಲ್ಲದ ಕೆಲಸವೇನಲ್ಲ. ಆದರೆ ಬಸಿದದ್ದನ್ನು ಚೆಲ್ಲುವುದು ಗೊತ್ತಿಲ್ಲ, ಅದೇ ಕಟ್ಟಿನಿಂದ ಬಸ್ಸಾರು ಮಾಡುತ್ತಾರೆ. ಮನೆಯವರೆಲ್ಲ ಬಸ್ಸಾರು ಉಣ್ಣಲಿ, ರೋಗಿಗೆ ಬಸಿದ ಪಲ್ಯ ಬಡಿಸಿ. ಎಳನೀರು ಬೇಡ, ತಂಪಿಗೆಂದು ನೆರೆಹೊರೆಯವರು ತಂದುಕೊಟ್ಟರೂ ಬೇಡ. ಇನ್ನೊಂದನ್ನು ದಕ್ಷಿಣ ಕನ್ನಡದವರಿಗೆ ಒತ್ತಿ ಹೇಳಬೇಕು: ಊರಿನಿಂದ ಬರುವ ದಾರೆಹುಳಿ, ಅಂದರೆ ನಕ್ಷತ್ರದಂತೆ ಹೋಳಾಗುವ ಆ ಹಣ್ಣನ್ನು, ಡಯಾಲಿಸಿಸ್ ರೋಗಿ ಒಂದು ತುಂಡೂ ತಿನ್ನಕೂಡದು. ಅದರಲ್ಲಿರುವ ನರವಿಷ ಆರೋಗ್ಯವಂತರ ಮೂತ್ರದಲ್ಲಿ ಹೋಗಿಬಿಡುತ್ತದೆ, ಇವರಲ್ಲಿ ಮಿದುಳಿಗೇರುತ್ತದೆ. ಬಿಡದ ಬಿಕ್ಕಳಿಕೆಯಿಂದ ಶುರುವಾಗಿ ಬುದ್ಧಿಭ್ರಮೆ, ಸೆಳವು, ಸಾವಿನವರೆಗೆ ಹೋದದ್ದುಂಟು.

ಹೀಗೆ ಬೇಡಗಳ ಪಟ್ಟಿ ಬೆಳೆಯುತ್ತಿದ್ದಂತೆ ರೋಗಿಯ ತಟ್ಟೆ ಬರಿದಾಗುತ್ತದೆ, ಅದು ಇನ್ನೊಂದು ಅನಾಹುತ. ಡಯಾಲಿಸಿಸ್ ಶುರುವಾಗುವ ಮುಂಚೆ ನಾವು ಬೇಳೆ, ಮೊಟ್ಟೆ, ಮೀನು ಕಡಿಮೆ ಮಾಡಿ ಎಂದಿರುತ್ತೇವೆ. ಡಯಾಲಿಸಿಸ್ ಶುರುವಾದ ದಿನವೇ ಆ ಪಥ್ಯ ತಿರುಗಬೇಕು; ಏಕೆಂದರೆ ಪ್ರತಿ ಸಲವೂ ಅಮೈನೋ ಆಮ್ಲಗಳು ಯಂತ್ರದ ನೀರಿನಲ್ಲಿ ಕೊಚ್ಚಿಹೋಗುತ್ತವೆ, ದಿನಕ್ಕೆ ಒಂದು ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. ಹಳೆಯ ಪಥ್ಯವನ್ನೇ ಭಕ್ತಿಯಿಂದ ಮುಂದುವರಿಸುವ ಮನೆಗಳು ಲೆಕ್ಕವಿಲ್ಲದಷ್ಟು. ಗಂಜಿ ಕುಡಿದು ತೋಳು ತೊಡೆ ಕರಗಿದ ಮನುಷ್ಯನಿಗೆ ಯಾವ ಡಯಾಲಿಸಿಸ್ಸಿನಿಂದಲೂ ಶಕ್ತಿ ಬಾರದು. ಮೊಟ್ಟೆಯ ಬಿಳಿ, ತಾಜಾ ಮೀನು, ಕೋಳಿ, ಸಸ್ಯಾಹಾರಿಗಳಿಗೆ ಪನೀರು, ಅಳತೆಯಲ್ಲಿ ಬೇಳೆ, ಮೊಸರು ಕೊಡಿ. ಊಟದಲ್ಲಿನ ರಂಜಕ ರಕ್ತಕ್ಕೆ ಸೇರದಂತೆ ಕಟ್ಟಿಹಾಕುವ ಮಾತ್ರೆಯನ್ನು ಊಟದ ಜೊತೆಗೇ ಕೊಡಿ, ಊಟ ಮುಗಿದು ಎರಡು ಗಂಟೆಗೆ ನುಂಗಿದರೆ ಅದು ಕೆಲಸಕ್ಕೆ ಬಾರದು.

ತುರಿಕೆ, ರಾತ್ರಿ ಕಾಲು ಎಳೆಯುವುದು, ನಿದ್ರೆ ಬಾರದಿರುವುದು ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇವಕ್ಕೆಲ್ಲ ಔಷಧಿಗಳಿವೆ, ರೋಗಿಗಳು ಹೇಳುವುದಿಲ್ಲ, ವೈದ್ಯರು ಕೇಳುವುದಿಲ್ಲ. ಹಾಗೆಯೇ ಗಂಡಹೆಂಡಿರ ಸಂಬಂಧದ ಮಾತು. ಅದು ಕಾಯಿಲೆಯ ಭಾಗವೇ, ನಾಚಿಕೆಪಡುವಂಥದ್ದಲ್ಲ.

ಹೆಂಗಸರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮುಂಗೈಯ ಅಪಧಮನಿ ಮತ್ತು ಅಭಿಧಮನಿಯನ್ನು ಹೊಲಿದು ಜೋಡಿಸುವ ಫಿಸ್ಟುಲಾ ಶಸ್ತ್ರಚಿಕಿತ್ಸೆಯನ್ನು 1966ರಲ್ಲಿ ನ್ಯೂಯಾರ್ಕಿನ ಬ್ರೆಸಿಯಾ, ಸಿಮಿನೋ ಮತ್ತು ಸಂಗಡಿಗರು ವರದಿ ಮಾಡಿದರು. ಇಂದಿಗೂ ಅದಕ್ಕಿಂತ ಒಳ್ಳೆಯ ದಾರಿ ಬಂದಿಲ್ಲ. ಕುತ್ತಿಗೆಯ ರಕ್ತನಾಳಕ್ಕೆ ಹಾಕುವ ಕೊಳವೆಯಿಂದ, ಅಂದರೆ ಕ್ಯಾತೆಟರಿನಿಂದ, ನಂಜು ಏರುವ ಅಪಾಯ ಬಹಳ ಹೆಚ್ಚು, ತಲೆಯ ಮೇಲೆ ನೀರು ಸುರಿದುಕೊಂಡು ಸ್ನಾನ ಮಾಡುವಂತೆಯೂ ಇಲ್ಲ. ಫಿಸ್ಟುಲಾ ಹದಕ್ಕೆ ಬರಲು ಒಂದೂವರೆ ಎರಡು ತಿಂಗಳಾದರೂ ಬೇಕಾದ್ದರಿಂದ ಅದನ್ನು ಮುಂಚಿತವಾಗಿಯೇ ಮಾಡಿಸಬೇಕು. ಆ ಕೈಗೆ ಬಿಗಿಯಾದದ್ದೇನೂ ಇರಬಾರದು, ಬಿ.ಪಿ. ಪಟ್ಟಿ ಕಟ್ಟಬಾರದು, ರಕ್ತ ತೆಗೆಯಬಾರದು, ತಲೆದಿಂಬಾಗಿ ಮಡಚಿ ಮಲಗಬಾರದು. ಬಿಗಿಯಾದದ್ದೆಂದರೆ ಬಳೆಯೂ ಬಂತು. ಮುತ್ತೈದೆ ಬರಿಗೈಯಲ್ಲಿ ಇರುವುದೆಂತು ಎಂದು ಶಸ್ತ್ರಚಿಕಿತ್ಸೆಯನ್ನೇ ತಿಂಗಳುಗಟ್ಟಲೆ ಮುಂದೂಡಿದ ಸಂಸಾರಗಳನ್ನು ನೋಡಿದ್ದೇನೆ. ಅಂಥ ಒಬ್ಬಾಕೆಯ ಅತ್ತೆ, ಎಂಬತ್ತರ ಆಸುಪಾಸಿನ ವಿಧವೆ, ತಾನೇ ಸೊಸೆಯ ಎಡಗೈ ಬಳೆಗಳನ್ನು ಸೋಪು ಹಚ್ಚಿ ಒಂದೊಂದಾಗಿ ತೆಗೆದು ಬಲಗೈಗೆ ತೊಡಿಸಿ, ಇಲ್ಲಿ ಎರಡು ಡಜನ್ ಇರಲಿ ಬಿಡಿ ಎಂದು ನನ್ನೆದುರಿಗೇ ಹೇಳಿದರು. ಅಡುಗೆಮನೆಯಲ್ಲಿ ಆ ಕೈಗೆ ಕೊಡ, ಕುಕ್ಕರು ಎತ್ತಿಸಬೇಡಿ ಎಂಬುದನ್ನು ಗಂಡಸರಿಗೆ ಮನಗಾಣಿಸುವುದು ಅದಕ್ಕಿಂತ ಕಷ್ಟವಾಯಿತು. ಹೆಂಡತಿ ಡಯಾಲಿಸಿಸ್ ಮುಗಿಸಿ ಬಂದ ರಾತ್ರಿಯ ಅಡುಗೆ ಯಾರದೆಂಬುದು, ಆಕೆ ಎಷ್ಟು ಹೊತ್ತಿಗೆ ಸುಧಾರಿಸಿಕೊಳ್ಳುತ್ತಾಳೆಂಬುದನ್ನು ಯಂತ್ರದಷ್ಟೇ ನಿರ್ಧರಿಸುತ್ತದೆ.

ಡಯಾಲಿಸಿಸ್ ರೋಗಿಗಳಲ್ಲಿ ನಾಲ್ಕೈದು ಜನರಿಗೆ ಒಬ್ಬರು ಖಿನ್ನತೆಯಿಂದ ಬಳಲುತ್ತಾರೆಂಬುದು ಬೇರೆ ಬೇರೆ ದೇಶಗಳ ಅನುಭವ. ಇದರಲ್ಲಿ ಕೆಲಸ ಕಳೆದುಕೊಂಡದ್ದರ ಪಾಲು ದೊಡ್ಡದು. ಮುಂಬಯಿಗೆ ನಾವು ಬಂದದ್ದೇ ದುಡಿಯಲು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಪೀಳಿಗೆ ಇನ್ನೂ ನಮ್ಮ ನಡುವೆ ಇದೆ. ಅಂಥವರಿಗೆ ದುಡಿಮೆಯಿಲ್ಲದೆ ಮನೆಯಲ್ಲಿ ಕೂರುವುದು ಕಾಯಿಲೆಗಿಂತ ಭಾರ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಪಟ್ಟಿಯಾದ 21 ವೈಕಲ್ಯಗಳಲ್ಲಿ ರಕ್ತದ ಕಾಯಿಲೆಗಳಾದ ಥಲಸ್ಸೀಮಿಯ, ಹಿಮೋಫೀಲಿಯ ಇವೆ, ಮೂತ್ರಪಿಂಡ ವೈಫಲ್ಯ ಇಲ್ಲ. ಇದು ಬದಲಾಗಬೇಕು. ಅಲ್ಲಿಯವರೆಗೆ ಈ ಸಭೆಯಲ್ಲಿರುವ ಹೋಟೆಲ್ ಮಾಲೀಕರು, ಕಚೇರಿಗಳ ಮೇಲಧಿಕಾರಿಗಳು ಕಾನೂನಿಗಾಗಿ ಕಾಯಬೇಕಾಗಿಲ್ಲ: ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಕೂತು ಮಾಡುವ ಕೆಲಸ, ಪಾಳಿ ಬದಲಾವಣೆ, ಇಷ್ಟು ಕೊಟ್ಟರೆ ಒಂದು ಸಂಸಾರ ನಿಲ್ಲುತ್ತದೆ.

ಮಳೆಗಾಲದ ಬಗ್ಗೆ ಒಂದು ಮಾತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಊರೇ ನಿಂತಿತು. ಅಷ್ಟಿಲ್ಲದಿದ್ದರೂ ಪ್ರತಿವರ್ಷ ಒಂದೆರಡು ದಿನ ರೈಲು ನಿಲ್ಲುತ್ತದೆ. ಡಯಾಲಿಸಿಸ್ ಸರದಿಯಲ್ಲಿ ಎರಡು ದಿನದ ಅಂತರ ಬೀಳುವಾಗ, ಅಂದರೆ ಭಾನುವಾರ ಸೇರಿ ಬರುವ ದೊಡ್ಡ ಬಿಡುವಿನ ನಂತರ, ಸಾವು ಮತ್ತು ಹೃದಯದ ತೊಂದರೆಗಳು ಹೆಚ್ಚೆಂದು 2011ರಲ್ಲಿ ಅಮೆರಿಕದಲ್ಲಿ ಸ್ಪಷ್ಟವಾಗಿ ತೋರಿಸಿದ್ದಾರೆ. ಮೂರನೆಯ ದಿನವೂ ತಪ್ಪಿದರೆ ಅಪಾಯ ಹೇಳಬೇಕಾಗಿಲ್ಲ. ಭಾರಿ ಮಳೆಯ ಮುನ್ಸೂಚನೆ ಬಂದರೆ ಸರದಿಯನ್ನು ಒಂದು ದಿನ ಮುಂಚೆ ಮಾಡಿಸಿಕೊಳ್ಳಿ, ನಡೆದು ಹೋಗುವಷ್ಟು ಹತ್ತಿರದ ಕೇಂದ್ರ ಯಾವುದೆಂದು ಈಗಲೇ ತಿಳಿದಿಟ್ಟುಕೊಳ್ಳಿ. ಸಿಕ್ಕಿಬಿದ್ದ ದಿನ ಹಣ್ಣು, ಬೇಳೆಯ ಕಟ್ಟು, ಟೊಮೇಟೊ ಸಾರು ಬಿಟ್ಟು ಉಪ್ಪಿಲ್ಲದ ಅನ್ನ, ಅಕ್ಕಿ ರೊಟ್ಟಿ ತಿಂದು, ನೀರನ್ನು ಅರ್ಧಕ್ಕಿಳಿಸಿ. ಪೊಟ್ಯಾಸಿಯಂ ಕಟ್ಟುವ ಪುಡಿಯನ್ನು ವೈದ್ಯರಿಂದ ಕೇಳಿ ಮನೆಯಲ್ಲಿಡಿ.

ಯಂತ್ರದ ಡಯಾಲಿಸಿಸ್ ಒಂದೇ ದಾರಿಯಲ್ಲ. ಹೊಟ್ಟೆಯ ಪೊರೆಯ ಮೂಲಕ ಮನೆಯಲ್ಲೇ ದಿನಕ್ಕೆ ಮೂರು ನಾಲ್ಕು ಸಲ ಎರಡೆರಡು ಲೀಟರ್ ದ್ರವ ತುಂಬಿ ತೆಗೆಯುವ ಪದ್ಧತಿ ಇದೆ; ಹಾಂಗ್‌ಕಾಂಗಿನಲ್ಲಿ 1985ರಿಂದಲೂ ಅದೇ ಮೊದಲ ಆಯ್ಕೆ. ಕೆಲಸಕ್ಕೆ ಹೋಗುವವರಿಗೆ, ದೂರದವರಿಗೆ ಅದು ಹೆಚ್ಚು ಸ್ವಾತಂತ್ರ್ಯ ಕೊಡುತ್ತದೆ. ಒಂದೇ ಕೋಣೆಯ ಮನೆಯಲ್ಲಿ ತಿಂಗಳ ಪೆಟ್ಟಿಗೆಗಳನ್ನು ಜೋಡಿಸುವುದೆಲ್ಲಿ ಎಂಬುದು ನಮ್ಮೂರಿನ ಸಮಸ್ಯೆ. ಆದರೂ ಆ ಆಯ್ಕೆಯನ್ನು ಬಾಯಿಬಿಟ್ಟು ಹೇಳದೆ ಇರಲು ಅದು ಕಾರಣವಾಗಬಾರದು. ಮೂತ್ರಪಿಂಡದ ಕಸಿ ಸಾಧ್ಯವಿದ್ದವರಿಗೆ ಕಸಿಯೇ ಎಲ್ಲಕ್ಕಿಂತ ಒಳ್ಳೆಯದು. 1994ರ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ಹತ್ತಿರದ ಬಂಧುಗಳು ಮೂತ್ರಪಿಂಡ ಕೊಡಬಹುದು. ನಮ್ಮ ದೇಶದಲ್ಲಿ ಕೊಡುವವರು ಹೆಚ್ಚಾಗಿ ತಾಯಿ ಮತ್ತು ಹೆಂಡತಿ, ಪಡೆಯುವವರು ಹೆಚ್ಚಾಗಿ ಗಂಡಸರು, ಇದನ್ನು ನಾವು ಸುಮ್ಮನೆ ನೋಡಿಕೊಂಡು ಬಂದಿದ್ದೇವೆ. ಕೊಡುವವರಿಲ್ಲದಿದ್ದರೆ, ಮೃತರ ಅಂಗಾಂಗಗಳನ್ನು ಹಂಚಲು 2000ದಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ವಲಯ ಕಸಿ ಸಮನ್ವಯ ಕೇಂದ್ರದ ಸರದಿ ಪಟ್ಟಿಗೆ ಆಸ್ಪತ್ರೆಯ ಮೂಲಕ ಹೆಸರು ಹಾಕಿಸಿ. ಹೆಸರು ಹಾಕಿಸಲು ತಡಮಾಡಿದಷ್ಟೂ ಸರದಿ ದೂರವಾಗುತ್ತದೆ.

ಸಭೆಯಲ್ಲಿ ಒಬ್ಬರು, ಎಂಬತ್ತೆರಡರ ತಮ್ಮ ತಾಯಿಗೆ ಡಯಾಲಿಸಿಸ್ ಶುರುಮಾಡಿ ಎಂದು ವೈದ್ಯರು ಹೇಳುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದರು. ಅವರಿಗೆ ಹೇಳಿದ್ದು ಇಷ್ಟು: ಮೊದಲು ತಾಯಿಯನ್ನು ಕೇಳಿ. ತೀರ ವಯಸ್ಸಾಗಿ, ಹೃದ್ರೋಗ, ಪಾರ್ಶ್ವವಾಯು ಮುಂತಾದವು ಜೊತೆಗಿದ್ದು, ಆಗಲೇ ಪರಾವಲಂಬಿಯಾದವರಿಗೆ ಡಯಾಲಿಸಿಸ್ಸಿನಿಂದ ಸಿಗುವ ಆಯುಷ್ಯ ಕಡಿಮೆ, ಅದರಲ್ಲಿ ಆಸ್ಪತ್ರೆಯ ಪಾಲು ಹೆಚ್ಚು. ಅಮೆರಿಕದ ವೃದ್ಧಾಶ್ರಮಗಳಲ್ಲಿ ಡಯಾಲಿಸಿಸ್ ಶುರುಮಾಡಿದವರನ್ನು ನೋಡಿದ 2009ರ ಅಧ್ಯಯನದಲ್ಲಿ, ಒಂದು ವರ್ಷದ ನಂತರ ತಮ್ಮ ದಿನನಿತ್ಯದ ಕೆಲಸ ಮಾಡಿಕೊಳ್ಳುವ ಶಕ್ತಿಯನ್ನು ಮೊದಲಿನಷ್ಟೇ ಉಳಿಸಿಕೊಂಡವರು ಶೇಕಡಾ 13 ಮಾತ್ರ. ಅವರ ತಾಯಿ ಇನ್ನೂ ದೇವಸ್ಥಾನಕ್ಕೆ ನಡೆದು ಹೋಗುವವರಾದರೆ ಲೆಕ್ಕ ಬೇರೆ. ಡಯಾಲಿಸಿಸ್ ಇಲ್ಲದೆ ಉಸಿರಾಟ, ತುರಿಕೆ, ನೋವುಗಳನ್ನು ಶಮನಗೊಳಿಸುತ್ತ ನೋಡಿಕೊಳ್ಳುವುದೂ ಚಿಕಿತ್ಸೆಯೇ. ಅದನ್ನು ಆರಿಸಿಕೊಂಡ ಮಕ್ಕಳು ತಾಯಿಯನ್ನು ಕೈಬಿಟ್ಟವರಲ್ಲ. ಎರಡು ತಿಂಗಳು ಮಾಡಿ ನೋಡಿ, ತಾಯಿಗೆ ಬೇಡವಾದರೆ ನಿಲ್ಲಿಸೋಣ ಎಂಬ ಒಪ್ಪಂದವನ್ನೂ ವೈದ್ಯರೊಡನೆ ಮೊದಲೇ ಮಾಡಿಕೊಳ್ಳಬಹುದು.

ಇನ್ನೊಬ್ಬರು, ಮೂರು ವರ್ಷದಿಂದ ಡಯಾಲಿಸಿಸ್ಸಿನಲ್ಲಿರುವವರು, ಮಗಳ ಮದುವೆ ಊರಿನಲ್ಲಿ ಇಟ್ಟುಕೊಳ್ಳುವ ಆಸೆ, ಹೋಗಬಹುದೆ ಎಂದು ಕೇಳಿದರು. ಖಂಡಿತ ಹೋಗಬಹುದು. ಮಂಗಳೂರು, ಉಡುಪಿ, ಹುಬ್ಬಳ್ಳಿಯಲ್ಲಿ ಮಾತ್ರವಲ್ಲ, ಕರ್ನಾಟಕದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೂ ಈಗ ಡಯಾಲಿಸಿಸ್ ಘಟಕಗಳಿವೆ. ತಿಂಗಳ ಮುಂಚೆ ಅಲ್ಲಿಗೆ ಫೋನು ಮಾಡಿ ಸರದಿ ಗೊತ್ತುಪಡಿಸಿಕೊಳ್ಳಬೇಕು; ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿಯ ಹೊಸ ವರದಿಗಳು, ಒಣ ತೂಕ (ಸೇರಿದ ನೀರೆಲ್ಲ ತೆಗೆದ ಮೇಲಿನ ತೂಕ), ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧಿಯ ಪ್ರಮಾಣ, ಕೊನೆಯ ಮೂರು ಡಯಾಲಿಸಿಸ್‌ಗಳ ಹಾಳೆ ಇವಿಷ್ಟನ್ನು ನಮ್ಮಿಂದ ಬರೆಸಿಕೊಂಡು ಹೋಗಬೇಕು. ಡಯಾಲಿಸಿಸ್ಸಿಗಾಗಿ ಪ್ರಯಾಣ ಮಾಡುವ ಮೂತ್ರಪಿಂಡ ರೋಗಿಗೂ ಜೊತೆಗೊಬ್ಬರಿಗೂ ರೈಲ್ವೆಯಲ್ಲಿ ರಿಯಾಯಿತಿ ಇದೆ, ಸ್ಲೀಪರಿನಲ್ಲೂ ಮೂರನೆಯ ದರ್ಜೆ ಎ.ಸಿ.ಯಲ್ಲೂ ಶೇಕಡಾ 75. ಅದಕ್ಕೆ ನಿಗದಿತ ನಮೂನೆಯಲ್ಲಿ ವೈದ್ಯರ ಪ್ರಮಾಣಪತ್ರ ಬೇಕು. ಮುಂಬಯಿಯಲ್ಲಿ ಡಯಾಲಿಸಿಸ್ ಮುಗಿಸಿದ ಮರುದಿನ ಮಧ್ಯಾಹ್ನ ಮತ್ಸ್ಯಗಂಧ ರೈಲು ಹತ್ತಿದರೆ ಅದರ ಮರುದಿನ ಬೆಳಿಗ್ಗೆ ಊರು. ಅಂದೇ ಅಲ್ಲಿನ ಕೇಂದ್ರದಲ್ಲಿ ಸರದಿ. ಮದುವೆಯ ದಿನವನ್ನು ಡಯಾಲಿಸಿಸ್ ಆದ ಮರುದಿನಕ್ಕೆ ಬರುವಂತೆ ನೋಡಿಕೊಳ್ಳಿ ಎಂದೆ. ಪುರೋಹಿತರು ಮೂರು ಮುಹೂರ್ತ ಕೊಟ್ಟಿದ್ದಾರೆ, ಅದರಲ್ಲಿ ಒಂದು ಗುರುವಾರ ಎಂದರು. ಅವರ ಸರದಿ ಸೋಮ, ಬುಧ, ಶುಕ್ರ. ಗುರುವಾರವೇ ಇರಲಿ, ಬುಧವಾರ ಸಂಜೆಯ ಪಾಳಿ ಬೇಡ, ಬೆಳಗಿನದನ್ನೇ ಕೇಳಿ ಪಡೆಯಿರಿ ಎಂದು ಹೇಳಿ ಕಳಿಸಿದೆ.